ಬಳ್ಳಾರಿ ಬೇಸಿಗೆಯಲ್ಲಿ ಯುಕುಲೇಲೆ ರಿಪೇರಿ, ಜೊತೆಗೆ ಕಲಿಕೆ

ನನ್ನ ಯುಕುಲೇಲೆಯಲ್ಲಿ (ಗಿಟಾರಿನ ಹಾಗಿರುವ ಪುಟ್ಟ ನಾಲ್ಕು ತಂತಿ ವಾದ್ಯ) ಎಫ್ ಕಾರ್ಡ್ ಹಿಡಿದಾಗಲೆಲ್ಲ ಅಪಸ್ವರ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಆರು ತಿಂಗಳು ಹೀಗೇ ನಡೆಯಿತು. ಸಿ ಕಾರ್ಡ್ ಚೆನ್ನಾಗಿಯೇ ಕೇಳುತ್ತಿತ್ತು, ಎ ಮೈನರ್ ಪರವಾಗಿಲ್ಲ, ಎಫ್‌ಗೆ ಬಂದ ಕೂಡಲೇ ಹಾಲಿಗೆ ಹುಳಿ ಬಿದ್ದ ಹಾಗೆ. ನನ್ನ ಬೆರಳೇ ಸರಿಯಿಲ್ಲ, ಅಭ್ಯಾಸ ಸಾಲದು ಅಂದುಕೊಂಡು ಅದೇ ಕಾರ್ಡನ್ನು ದಿನಾ ಅರ್ಧ ಗಂಟೆ ಒತ್ತಿ ಒತ್ತಿ ನುಡಿಸುತ್ತಿದ್ದೆ. ಬೆರಳ ತುದಿ ಗಟ್ಟಿಯಾಯಿತು. ಅಪಸ್ವರ ಹಾಗೇ ಉಳಿಯಿತು.

ಫೆಬ್ರವರಿಯಲ್ಲಿ ಅಮ್ಮ ಮೈಸೂರಿನಿಂದ ಬಂದಿದ್ದರು. ಅವರು ಮೂವತ್ತು ವರ್ಷದಿಂದ ವೀಣೆ ನುಡಿಸುವವರು. ಅವರೆಕಾಯಿ ಬಿಡಿಸುತ್ತಾ ಸುಮ್ಮನೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಏನೂ ಒತ್ತಬೇಡ, ಬರೀ ತಂತಿ ಮೀಟು" ಅಂದರು. ಮೀಟಿದೆ. "ಈಗ ಮೊದಲನೇ ಮೆಟ್ಟಿಲಲ್ಲಿ ಒತ್ತು." (ಮೆಟ್ಟಿಲು ಅಂದರೆ ವಾದ್ಯದ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿರುವ ಲೋಹದ ಪಟ್ಟಿ.) ಒತ್ತಿದೆ. "ಸ್ವರ ಬೇಕಾದ್ದಕ್ಕಿಂತ ಮೇಲಕ್ಕೆ ಹೋಗ್ತಿದೆ. ಇದು ನಿನ್ನ ಕೈಯಿಂದ ಆಗ್ತಿರೋದಲ್ಲ, ವಾದ್ಯದ್ದೇ ದೋಷ. ಮೊದಲು ಅದನ್ನ ಸರಿ ಮಾಡಿಸು."

ಮಾಡಿಸೋಣ ಅಂದರೆ ಯುಕುಲೇಲೆ ರಿಪೇರಿ ಮಾಡುವವರು ನನಗೆ ಗೊತ್ತಿದ್ದವರಲ್ಲಿ ಯಾರೂ ಇಲ್ಲ. ಹಾಗಾಗಿ ನಾನೇ ಕೈ ಹಾಕಿದೆ. ಏಳು ವಾರ ಹಿಡಿಯಿತು. ಭಾನುವಾರ ರಿಪೇರಿ, ಉಳಿದ ದಿನ ಅಭ್ಯಾಸ. ಮಾಡಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನನ್ನ ಹಾಗೆ ಅಗ್ಗದ ಯುಕುಲೇಲೆ ಇಟ್ಟುಕೊಂಡು ನನ್ನಿಂದ ಆಗಲ್ಲ ಅಂತ ಬಿಟ್ಟವರು ತುಂಬ ಜನ ಇದ್ದಾರೆ, ಅವರು ಒಮ್ಮೆ ಇದನ್ನೆಲ್ಲ ಅಳೆದು ನೋಡಲಿ ಅಂತ ನನ್ನ ಆಸೆ.

ಮೊದಲ ಭಾನುವಾರ: ಬರೀ ಅಳತೆ

ನನ್ನದು ಸೊಪ್ರಾನೊ, ಅಂದರೆ ಸಾಮಾನ್ಯವಾಗಿ ಸಿಗುವುದರಲ್ಲಿ ಎಲ್ಲಕ್ಕಿಂತ ಚಿಕ್ಕದು. ನಟ್‌ನಿಂದ ಕುದುರೆವರೆಗೆ ತಂತಿಯ ಉದ್ದ 345 ಮಿ.ಮೀ. ನಟ್ ಅಂದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ, ಕುದುರೆ ಅಂದರೆ ಇನ್ನೊಂದು ಕೊನೆಯಲ್ಲಿ ತಂತಿ ಕಟ್ಟುವ ತುಂಡು. ಮೂರು ವರ್ಷದ ಹಿಂದೆ ಮಂಗಳೂರಿನಲ್ಲಿದ್ದಾಗ ಕೊಂಡಿದ್ದು. ಆಮೇಲೆ ಬಳ್ಳಾರಿಗೆ ವರ್ಗವಾಯಿತು, ಅದೂ ಜೊತೆಗೆ ಬಂತು. ನಾಲ್ಕು ತಂತಿ: ಜಿ, ಸಿ, ಇ, ಎ. ಮುಖದ ಹತ್ತಿರ ಇರುವ ಜಿ ತಂತಿ ಎಲ್ಲಕ್ಕಿಂತ ಕೆಳಗಿನ ಸ್ವರ ಅಲ್ಲ. ಅದು ಸಿ, ಇ ಎರಡಕ್ಕಿಂತಲೂ ಮೇಲಿನದು. ಗಿಟಾರ್ ಅಭ್ಯಾಸ ಇದ್ದವರಿಗೆ ಇದು ಮೊದಲು ವಿಚಿತ್ರ ಅನ್ನಿಸುತ್ತದೆ. ಆದರೆ ಈ ವಾದ್ಯದ ಆ ಕಿಲಕಿಲ ದನಿ ಬರುವುದು ಇದರಿಂದಲೇ.

ಫೋನಿನಲ್ಲಿ ಸ್ವರ ಅಳೆಯುವ ಟ್ಯೂನರ್ ಹಾಕಿ ಇ ತಂತಿಯನ್ನು ಸರಿಯಾಗಿ ಶ್ರುತಿ ಮಾಡಿದೆ. ಆಮೇಲೆ ಒಂದೊಂದೇ ಮೆಟ್ಟಿಲು ಒತ್ತಿ ಬರೆದುಕೊಂಡೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ ಅಂತ ಲೆಕ್ಕ. ಮೊದಲ ಮೆಟ್ಟಿಲಲ್ಲಿ 22 ಸೆಂಟ್ ಜಾಸ್ತಿ. ಎರಡನೆಯದರಲ್ಲಿ 14. ಮೂರನೆಯದರಲ್ಲಿ 8. ಹನ್ನೆರಡನೆಯದರಲ್ಲಿ 5. ಈ ನಾಲ್ಕು ಅಂಕಿ ನೋಡಿದರೆ ಸಾಕು, ಕಾಯಿಲೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಕುದುರೆಯ ಜಾಗವೇ ತಪ್ಪಿದ್ದರೆ ಮೇಲೆ ಹೋದಷ್ಟೂ ದೋಷ ಹೆಚ್ಚಬೇಕಿತ್ತು. ಇಲ್ಲಿ ಉಲ್ಟಾ, ನಟ್ ಹತ್ತಿರ ಬಂದಷ್ಟೂ ಹೆಚ್ಚು. ಅಂದರೆ ನಟ್‌ನಲ್ಲಿ ತಂತಿ ಕೂರುವ ಕಚ್ಚು ಸಾಕಷ್ಟು ಆಳ ಇಲ್ಲ, ತಂತಿ ತುಂಬ ಎತ್ತರದಲ್ಲಿದೆ, ಮೊದಲ ಮೆಟ್ಟಿಲಿಗೆ ಒತ್ತುವಾಗ ಅದು ಎಳೆದ ಹಾಗಾಗಿ ಸ್ವರ ಏರುತ್ತದೆ.

ಎಫ್ ಯಾಕೆ ಕೆಟ್ಟದಾಗಿತ್ತು ಅಂತ ಆಗ ಅರ್ಥವಾಯಿತು. ಸಿ ಕಾರ್ಡಿಗೆ ಒತ್ತುವುದು ಎ ತಂತಿಯ ಮೂರನೇ ಮೆಟ್ಟಿಲು ಮಾತ್ರ. ಎಫ್‌ಗೆ ಇ ತಂತಿಯ ಮೊದಲನೇ ಮೆಟ್ಟಿಲು ಬೇಕೇ ಬೇಕು. ಆರು ತಿಂಗಳು ನಾನು ಬೆರಳನ್ನು ಬೈದುಕೊಂಡಿದ್ದು ಆ ಒಂದು ಕಚ್ಚಿನ ಸಲುವಾಗಿ. ಇನ್ನೂ ಬೇಜಾರಿನ ವಿಷಯ ಅಂದರೆ, ನಾನು ಜಾಸ್ತಿ ಒತ್ತಿದಷ್ಟೂ ಅಪಸ್ವರ ಜಾಸ್ತಿಯಾಗುತ್ತಿತ್ತು.

ಎತ್ತರ ಅಳೆಯಲು ಫೀಲರ್ ಗೇಜ್, ಅಂದರೆ ಸಣ್ಣ ಸಂದಿ ಅಳೆಯುವ ತೆಳು ಪಟ್ಟಿಗಳು, ಬೇಕು. ಮನೆ ಹತ್ತಿರದ ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡಲು ಇಟ್ಟುಕೊಂಡಿದ್ದನ್ನು ಎರಡು ದಿನಕ್ಕೆ ಕೊಟ್ಟರು. ಮೊದಲ ಮೆಟ್ಟಿಲ ಮೇಲೆ ಇ ತಂತಿಯ ಎತ್ತರ 1.2 ಮಿ.ಮೀ. ಇತ್ತು. ಅರ್ಧಕ್ಕೆ ಇಳಿದರೆ ಸಾಕು. ಹನ್ನೆರಡನೆಯದರ ಮೇಲೆ 3.4 ಮಿ.ಮೀ. ಅದು 2.6ರ ಸುತ್ತಮುತ್ತ ಇದ್ದರೆ ಕೈಗೆ ಹಿತ. ಗೇಜ್ ಇಲ್ಲದಿದ್ದರೂ ಒಂದು ಸುಲಭದ ಪರೀಕ್ಷೆ ಇದೆ. ಎರಡು ಮತ್ತು ಮೂರನೇ ಮೆಟ್ಟಿಲ ನಡುವೆ ತಂತಿ ಒತ್ತಿ ಹಿಡಿಯಿರಿ, ಮೊದಲ ಮೆಟ್ಟಿಲ ಮೇಲೆ ಎಷ್ಟು ಸಂದಿ ಇದೆ ನೋಡಿ. ತೆಳು ಕಾಗದ ತೂರುವಷ್ಟು ಇದ್ದರೆ ಸರಿ. ನನ್ನದರಲ್ಲಿ ಮದುವೆ ಪತ್ರಿಕೆಯೇ ಸಲೀಸಾಗಿ ತೂರುತ್ತಿತ್ತು.

ಎರಡನೇ ಭಾನುವಾರ: ಕೈ ಕೊಯ್ಯುವ ಮೆಟ್ಟಿಲು

ಇನ್ನೊಂದು ತೊಂದರೆ ಬಳ್ಳಾರಿಗೆ ಬಂದ ಮೇಲೆ ಶುರುವಾಗಿದ್ದು. ಎಡಗೈಯನ್ನು ಕತ್ತಿನ ಉದ್ದಕ್ಕೂ ಜಾರಿಸಿದರೆ ಮೆಟ್ಟಿಲ ತುದಿಗಳು ಗೀರುತ್ತಿದ್ದವು. ಒಂದು ಸಲ ತೋರುಬೆರಳ ಬುಡದಲ್ಲಿ ರಕ್ತವೂ ಬಂತು. ಮೊದಲು ಮೆಟ್ಟಿಲೇ ಹೊರಗೆ ಬರುತ್ತಿದೆ ಅಂದುಕೊಂಡಿದ್ದೆ. ಹಾಗಲ್ಲ. ಲೋಹ ಇದ್ದ ಹಾಗೇ ಇರುತ್ತದೆ, ಮರ ಕುಗ್ಗುತ್ತದೆ. ಮಂಗಳೂರಿನ ಒದ್ದೆ ಗಾಳಿ ಕುಡಿದು ಉಬ್ಬಿದ್ದ ಮರ ಇಲ್ಲಿಯ ಒಣ ಗಾಳಿಗೆ ಅಗಲದಲ್ಲಿ ಒಂದಿಷ್ಟು ಸಣ್ಣದಾಯಿತು. ಮೆಟ್ಟಿಲ ತುದಿ ಆ ಒಂದಿಷ್ಟೇ ಆಚೆ ಉಳಿಯಿತು. ಗೋಡೆಗೆ ನೇತುಹಾಕಿದ್ದ ತೇವಾಂಶ ಮಾಪಕ ಮಾರ್ಚ್ ಮಧ್ಯಾಹ್ನ 24 ಶೇಕಡಾ ತೋರಿಸುತ್ತಿತ್ತು. ಇಂಥ ವಾದ್ಯಕ್ಕೆ 40ರಿಂದ 60 ಇರಬೇಕು.

ಆದ್ದರಿಂದ ಅರ ಹಿಡಿಯುವ ಮುಂಚೆ ಬೇರೆ ಕೆಲಸ ಮಾಡಿದೆ. ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ಬಿಸಿ ಸೂಜಿಯಿಂದ ಹದಿನೈದು ತೂತು ಮಾಡಿ, ಒಳಗೆ ಪಾತ್ರೆ ಉಜ್ಜುವ ಹೊಸ ಸ್ಪಂಜನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಇಟ್ಟು, ಆ ಡಬ್ಬಿಯನ್ನು ವಾದ್ಯದ ಚೀಲದೊಳಗೆ ಹಾಕಿ ಜಿಪ್ ಎಳೆದು ಒಂದು ವಾರ ಬಿಟ್ಟೆ. ಮೂರು ದಿನಕ್ಕೊಮ್ಮೆ ಮತ್ತೆ ನೀರು. ವಾರದ ಕೊನೆಗೆ ಚೀಲದೊಳಗೆ 46 ಬಂತು. ಮೆಟ್ಟಿಲ ಗೀರು ಅರ್ಧಕ್ಕರ್ಧ ತಾನಾಗಿಯೇ ಹೋಗಿತ್ತು. ಈ ಒಂದು ವಾರ ಕಾಯದೆ ಉಜ್ಜಿದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಲೋಹ ತೆಗೆದುಬಿಡುತ್ತಿದ್ದೆ.

ಉಳಿದಿದ್ದಕ್ಕೆ ಚಪ್ಪಟೆ ಅರ. ಮರಕ್ಕೆ ಗೀರು ಬೀಳದಂತೆ ಮೆಟ್ಟಿಲ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅರವನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿದೆ. ಆಮೇಲೆ 400, 600, 1000 ನಂಬರಿನ ಉಪ್ಪು ಕಾಗದ. ಹನ್ನೆರಡು ಮೆಟ್ಟಿಲು, ಇಪ್ಪತ್ನಾಲ್ಕು ತುದಿ. ಬೆರಳು ಸವರಿ ನೋಡಿದರೆ ಸಾಲದು, ಹಳೇ ನೈಲಾನ್ ಬಟ್ಟೆ ಎಳೆದು ನೋಡಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೂ ಚೂಪು ಇದೆ ಅಂತ. ಕೊನೆಗೆ ಮರಕ್ಕೆ ಒಂದೆರಡು ಹನಿ ಮಿನರಲ್ ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚು ಅಂತ ಒಬ್ಬರು ಹೇಳಿದರು, ಬೇಡ, ಅದು ಕಮಟು ವಾಸನೆ ಬಂದು ಅಂಟಾಗುತ್ತದೆ.

ಮೂರನೇ ಭಾನುವಾರ: ನಟ್

ಇದೇ ಮುಖ್ಯ ಕೆಲಸ. ಕಚ್ಚು ಆಳ ಮಾಡಲು ಬೇರೆಯೇ ಅರಗಳ ಸೆಟ್ ಸಿಗುತ್ತದೆ, ದುಬಾರಿ. ನಾನು ತಂದಿದ್ದು ಗ್ಯಾಸ್ ವೆಲ್ಡಿಂಗ್ ನಾಜಲ್ ಸ್ವಚ್ಛ ಮಾಡುವ ಕಡ್ಡಿಗಳ ಕಟ್ಟು. ಬೇರೆ ಬೇರೆ ದಪ್ಪದ ಸಣ್ಣ ಗರಗರ ಕಡ್ಡಿಗಳು ಒಂದೇ ಡಬ್ಬಿಯಲ್ಲಿ ಇರುತ್ತವೆ. ಯುಕುಲೇಲೆ ತಂತಿ ಸುಮಾರು 0.6ರಿಂದ 0.9 ಮಿ.ಮೀ. ದಪ್ಪ, ಅದಕ್ಕಿಂತ ಕೂದಲೆಳೆಯಷ್ಟು ದಪ್ಪದ ಕಡ್ಡಿ ಆರಿಸಬೇಕು. ಕಚ್ಚು ಬಿರಡೆಗಳ (ತಂತಿ ಬಿಗಿ ಮಾಡಲು ತಿರುಗಿಸುವ ಗುಬ್ಬಿಗಳ) ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ತಂತಿ ನಟ್‌ನ ಮುಂದಿನ ಅಂಚಿನಿಂದಲೇ ಹೊರಡಬೇಕು. ಇಳಿಜಾರು ಉಲ್ಟಾ ಆದರೆ ತಂತಿ ಒಳಗೆಲ್ಲೋ ಕೂತು ಗುಂಯ್‌ಗುಡುತ್ತದೆ.

ಕ್ರಮ ಇಷ್ಟೇ: ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸು, ಎರಡು ಸಲ ಉಜ್ಜು, ತಂತಿ ಕೂರಿಸು, ಪೂರ್ತಿ ಶ್ರುತಿ ಮಾಡು, ಅಳೆ. ಮತ್ತೆ ಸಡಿಲಿಸು. ಶ್ರುತಿ ಮಾಡದೆ ಅಳೆದರೆ ಲೆಕ್ಕ ತಪ್ಪುತ್ತದೆ. ಒಂದು ತಂತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎ ತಂತಿ ಚೆನ್ನಾಗಿ ಬಂತು. ಸಿ ಕೂಡ. ಕೈಗೆ ಅಂದಾಜು ಸಿಕ್ಕಿತು ಅನ್ನಿಸಿ ಇ ತಂತಿಗೆ ಒಂದೇ ಸಲಕ್ಕೆ ಏಳೆಂಟು ಉಜ್ಜು ಉಜ್ಜಿದೆ. ಕೂರಿಸಿ ಮೀಟಿದರೆ ಜಿರ್ರ್ ಅಂತು. ತಂತಿ ಮೊದಲ ಮೆಟ್ಟಿಲಿಗೆ ತಗಲುತ್ತಿತ್ತು. ಬೇಕಾಗಿದ್ದು ಅದೇ ಎಫ್ ಕಾರ್ಡಿನ ತಂತಿ, ಅದೇ ಹಾಳಾಯಿತು ಅಂತ ತುಂಬ ಸಂಕಟವಾಯಿತು.

ಇದಕ್ಕೆ ಪರಿಹಾರ ಇದೆ, ಹೆದರಬೇಕಿಲ್ಲ. ಅಡುಗೆ ಸೋಡಾ ಮತ್ತು ಫೆವಿಕ್ವಿಕ್. ಕಚ್ಚಿನ ಸುತ್ತ ಟೇಪ್ ಹಾಕಿ, ಸೂಜಿಯ ತುದಿಯಿಂದ ಚಿಟಿಕೆ ಸೋಡಾ ತುಂಬಿ ಒತ್ತಿ, ಅದರ ಮೇಲೆ ಕಡ್ಡಿ ತುದಿಯಿಂದ ಒಂದೇ ಒಂದು ಹನಿ ಅಂಟು. ಕ್ಷಣದಲ್ಲಿ ಕಲ್ಲಾಗುತ್ತದೆ. ಆ ಹೊಗೆ ಕಣ್ಣಿಗೆ ಉರಿ, ಕಿಟಕಿ ತೆಗೆದಿರಬೇಕು. ಗಟ್ಟಿಯಾಗಿ ಕಂಡರೂ ನಾನು ಅವತ್ತು ಮತ್ತೆ ಮುಟ್ಟಲಿಲ್ಲ, ಒಂದು ರಾತ್ರಿ ಬಿಟ್ಟೆ.

ಆ ರಾತ್ರಿ ಈ ವಾದ್ಯ ಎಲ್ಲಿಂದ ಬಂತು ಅಂತ ಓದುತ್ತಾ ಕೂತಿದ್ದೆ. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಅನ್ನೋ ಹಡಗು ಪೋರ್ಚುಗಲ್‌ಗೆ ಸೇರಿದ ಮಡೀರಾ ದ್ವೀಪದವರನ್ನು ಹೊತ್ತು ಹವಾಯಿಯ ಹೊನೊಲುಲು ಮುಟ್ಟಿತು. ಬಂದಿದ್ದು ಕಬ್ಬಿನ ತೋಟದ ಕೂಲಿಗೆ. ಅದರಲ್ಲಿ ಮೂವರು ಮರಗೆಲಸದವರು: ಮಾನುಯೆಲ್ ನೂನೆಸ್, ಆಗುಸ್ತೊ ಡಿಯಾಸ್, ಜೊಸೆ ದೊ ಎಸ್ಪಿರಿಟೊ ಸಾಂಟೊ. ತಮ್ಮೂರಿನ ಪುಟ್ಟ ನಾಲ್ಕು ತಂತಿ ವಾದ್ಯವನ್ನು ಅವರು ಅಲ್ಲಿಯ ಕೋವಾ ಮರದಲ್ಲಿ ಮಾಡತೊಡಗಿದರು, ಅದೇ ಯುಕುಲೇಲೆ ಆಯಿತು. ಹವಾಯಿಯ ರಾಜ ಕಲಾಕೌವಾ ಅದನ್ನು ಅರಮನೆಯ ಸಂಗೀತಕ್ಕೂ ಸೇರಿಸಿಕೊಂಡ. ಸಮುದ್ರದ ಗಾಳಿಯಲ್ಲಿ ಹುಟ್ಟಿದ ವಾದ್ಯ ಇದು. ಬಳ್ಳಾರಿಯ ಬೇಸಿಗೆಯಲ್ಲಿ ಅದಕ್ಕೆ ಬಾಯಾರುವುದು ಸಹಜ ಅಲ್ವಾ?

ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಇ ಕಚ್ಚನ್ನು ಮತ್ತೆ ಶುರು ಮಾಡಿದೆ. ಎರಡು ಉಜ್ಜು, ಅಳತೆ. ಎರಡು ಉಜ್ಜು, ಅಳತೆ. ಅವತ್ತು ಮುಗಿಯಲಿಲ್ಲ, ಬುಧವಾರ ಮುಗಿಯಿತು. ಎತ್ತರ 0.6 ಮಿ.ಮೀ. ಮೊದಲ ಮೆಟ್ಟಿಲಲ್ಲಿ ಟ್ಯೂನರ್ 5 ಸೆಂಟ್ ತೋರಿಸಿತು. ಎಫ್ ಹಿಡಿದೆ. ನಾಲ್ಕೂ ತಂತಿ ಒಂದಕ್ಕೊಂದು ಸೇರಿಕೊಂಡು ಎದೆಗೆ ತಾಗಿದ್ದ ಮರವೇ ಗುಂಯ್ ಅಂದಿತು. ಅಮ್ಮನಿಗೆ ಫೋನ್ ಮಾಡಿ ಕೇಳಿಸಿದೆ. "ಹಾಂ, ಈಗ ಸರಿ" ಅಂದರು, ಅಷ್ಟೇ.

ನಾಲ್ಕನೇ ಭಾನುವಾರ: ಸ್ಯಾಡಲ್, ತಂತಿ, ಬಿರಡೆ

ನಟ್ ಇಳಿದಿದ್ದರಿಂದ ಹನ್ನೆರಡನೇ ಮೆಟ್ಟಿಲ ಮೇಲಿನ ಎತ್ತರವೂ 3.4ರಿಂದ 3.1ಕ್ಕೆ ಬಂದಿತ್ತು. ಇನ್ನು ಅರ್ಧ ಮಿ.ಮೀ. ಇಳಿಸಬೇಕು. ಹನ್ನೆರಡನೆಯದು ತಂತಿಯ ಸರಿ ಮಧ್ಯ, ಹಾಗಾಗಿ ಅಲ್ಲಿ ಅರ್ಧ ಇಳಿಯಬೇಕಾದರೆ ಕುದುರೆಯ ಮೇಲೆ ತಂತಿ ಕೂರುವ ಪಟ್ಟಿಯಾದ ಸ್ಯಾಡಲ್‌ನಲ್ಲಿ ಒಂದು ಮಿ.ಮೀ. ತೆಗೆಯಬೇಕು. ಸ್ಯಾಡಲ್ ಹೊರಗೆ ತೆಗೆದು, ಕೆಳಗಡೆ ಪೆನ್ಸಿಲ್ ಗೆರೆ ಎಳೆದು, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ 240 ನಂಬರ್ ಉಪ್ಪು ಕಾಗದ ಅಂಟಿಸಿ ಗೆರೆವರೆಗೆ ಉಜ್ಜಿದೆ. ತಳ ಸಮ ಇರಬೇಕು, ಇಲ್ಲದಿದ್ದರೆ ದನಿ ಸಾಯುತ್ತದೆ. ಅರ್ಧ ಗಂಟೆ ಕೆಲಸ.

ಹಳೇ ತಂತಿ ಹಳದಿಯಾಗಿದ್ದವು, ಹೊಸದು ಹಾಕಿದೆ. ಕುದುರೆಯಲ್ಲಿ ಗಂಟು ಹಾಕುವಾಗ ತೆಳು ಎ ತಂತಿಗೆ ಒಂದು ಸುತ್ತು ಸಾಲದು, ಜಾರಿಬಿಡುತ್ತದೆ. ಮೂರು ಸುತ್ತು ಹಾಕಿ ಕೊನೆಯದನ್ನು ಕುದುರೆಯ ಹಿಂಬದಿಗೆ ಸಿಕ್ಕಿಸಬೇಕು. ಬಿರಡೆಗಳ ಹಿಂದೆ ಸಣ್ಣ ಸ್ಕ್ರೂ ಇರುತ್ತದೆ, ಕಾಲು ಸುತ್ತು ಬಿಗಿ ಮಾಡಿದರೆ ಜಾರುವುದು ನಿಲ್ಲುತ್ತದೆ. ಒಟ್ಟು ಖರ್ಚು 1,150 ರೂಪಾಯಿ, ಅದರಲ್ಲಿ 700 ತಂತಿಗೇ.

ಹೊಸ ತಂತಿ ಹಿಗ್ಗುತ್ತದೆ. ಮೊದಲ ದಿನ ಐದು ನಿಮಿಷಕ್ಕೊಮ್ಮೆ ಶ್ರುತಿ ಇಳಿಯುತ್ತದೆ, ನೆಲೆ ನಿಲ್ಲಲು ವಾರ ಬೇಕು. ಇಲ್ಲೇ ಹೊಸಬರು ಬೇಸತ್ತು ಹೋಗುವುದು. ನಾನು ಆ ವಾರ ಪೂರ್ತಿ ಬೇರೇನೂ ನುಡಿಸದೆ ಶ್ರುತಿಯನ್ನೇ ಅಭ್ಯಾಸ ಮಾಡಿಕೊಂಡೆ. ಎ ತಂತಿಗೆ ಮಾತ್ರ ಟ್ಯೂನರ್, ಉಳಿದವು ಕಿವಿಯಿಂದ. ಇ ತಂತಿಯ ಐದನೇ ಮೆಟ್ಟಿಲು ಎ ತಂತಿಗೆ ಸಮ. ಸಿ ತಂತಿಯ ನಾಲ್ಕನೆಯದು ಇ ತಂತಿಗೆ ಸಮ. ಜಿ ತಂತಿಯ ಎರಡನೆಯದು ಮತ್ತೆ ಎ ತಂತಿಗೆ ಸಮ. ಎರಡು ಸ್ವರ ಹತ್ತಿರ ಬಂದಾಗ ಓಂ, ಓಂ, ಓಂ ಅಂತ ಒಂದು ಅಲೆ ಕೇಳುತ್ತದೆ. ಬಿರಡೆ ತಿರುಗಿಸಿದ ಹಾಗೆ ಅಲೆ ನಿಧಾನವಾಗುತ್ತಾ ಬಂದು ಒಂದು ಕಡೆ ನಿಂತುಹೋಗುತ್ತದೆ. ಅದು ನಿಲ್ಲುವುದನ್ನು ಮೊದಲ ಸಲ ಕೇಳಿದಾಗ ನನಗೆ ಒಂದು ಹಾಡು ಪೂರ್ತಿ ಬಂದಷ್ಟು ಖುಷಿಯಾಯಿತು.

ಐದರಿಂದ ಏಳು: ಈಗ ಕೈಯ ಕೆಲಸ

ವಾದ್ಯ ಸರಿಯಾಯಿತು. ಈಗ ತಪ್ಪು ಕೇಳಿದರೆ ಅದು ನನ್ನದೇ. ಹಾಗೆ ಗೊತ್ತಿರುವುದೇ ದೊಡ್ಡ ಸಹಾಯ, ಯಾಕೆಂದರೆ ಏನು ತಿದ್ದಬೇಕು ಅಂತ ಅನುಮಾನ ಉಳಿಯುವುದಿಲ್ಲ.

ಅರ್ಧ ಗಂಟೆ ಒಂದೇ ಪಟ್ಟು ನುಡಿಸುವುದನ್ನು ಬಿಟ್ಟೆ. ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ. ಒಂದು ಸಲಕ್ಕೆ ಎರಡೇ ಕಾರ್ಡ್. ನಟ್ ಉಜ್ಜಿದ ಹಾಗೇ, ಸ್ವಲ್ಪ ಮಾಡು, ನಿಲ್ಲಿಸು, ಕೇಳು. ಪ್ರತಿ ಕಾರ್ಡ್ ಹಿಡಿದು ನಾಲ್ಕು ತಂತಿಯನ್ನೂ ಒಂದೊಂದಾಗಿ ಮೀಟಿ ಎಲ್ಲ ದನಿ ಕೊಡುತ್ತವೆಯೇ ನೋಡು. ಆಮೇಲೆ ಒಂದು ನಿಮಿಷ ಟೈಮರ್ ಇಟ್ಟು ಎಷ್ಟು ಸಲ ಬದಲಾಯಿಸಿದೆ ಅಂತ ಎಣಿಸಿ ಗೋಡೆ ಕ್ಯಾಲೆಂಡರಿನಲ್ಲಿ ಬರೆ.

ಹೀಗೆ ನೋಡುತ್ತಾ ಹೋದಾಗ ಬೆರಳಿಗೂ ಒಂದು ದಾರಿ ಇದೆ ಅಂತ ತಿಳಿಯಿತು. ಸಿಯಿಂದ ಜಿ ಸೆವೆನ್‌ಗೆ ಹೋಗುವಾಗ ಉಂಗುರ ಬೆರಳು ಎ ತಂತಿಯ ಮೂರನೇ ಮೆಟ್ಟಿಲಲ್ಲಿ ಇರುತ್ತದೆ, ಅದೇ ತಂತಿಯ ಎರಡನೆಯದಕ್ಕೆ ಹೋಗಬೇಕು. ಎತ್ತುವುದೇ ಬೇಡ, ಜಾರಿಸಿದರೆ ಸಾಕು. ಎಫ್‌ನಿಂದ ಜಿ ಸೆವೆನ್‌ಗೆ ಹೋಗುವಾಗ ತೋರುಬೆರಳು ಇ ತಂತಿಯ ಮೊದಲ ಮೆಟ್ಟಿಲಲ್ಲಿ ಇದ್ದಲ್ಲೇ ಇರುತ್ತದೆ, ನಡುಬೆರಳು ಜಿ ತಂತಿಯಿಂದ ಪಕ್ಕದ ಸಿ ತಂತಿಗೆ ದಾಟುತ್ತದೆ. ಸಿಯಿಂದ ಎಫ್‌ಗೆ ಮಾತ್ರ ಹಿಡಿದುಕೊಳ್ಳಲು ಏನೂ ಇಲ್ಲ, ಇದ್ದ ಬೆರಳು ಎತ್ತಿ ಹೊಸ ಎರಡು ಬೆರಳು ಇಡಬೇಕು. ಅದಕ್ಕೇ ಅದು ಕಷ್ಟ. ಮೊದಲ ದಿನ ನಿಮಿಷಕ್ಕೆ 11. ಏಳನೇ ವಾರ 34.

ಬಿ ಫ್ಲ್ಯಾಟ್ ಕಾರ್ಡ್ ಇನ್ನೂ ಬಂದಿಲ್ಲ. ತೋರುಬೆರಳು ಮೊದಲ ಮೆಟ್ಟಿಲಲ್ಲಿ ಇ, ಎ ಎರಡೂ ತಂತಿಯನ್ನು ಅಡ್ಡ ಒತ್ತಬೇಕು, ಎ ತಂತಿ ಮಂಕಾಗುತ್ತದೆ. ಹೆಬ್ಬೆರಳನ್ನು ಕತ್ತಿನ ಹಿಂದೆ ಸ್ವಲ್ಪ ಕೆಳಗೆ ತಂದರೆ ವಾಸಿ ಅಂತ ಈ ವಾರ ಗೊತ್ತಾಯಿತು. ಮೊದಲಿನ ನಟ್ ಇದ್ದಿದ್ದರೆ ಇದು ಆಗುವ ಮಾತೇ ಅಲ್ಲ.

ಅಮ್ಮನ ಸಲಹೆಯಿಂದ ಇನ್ನೊಂದು ಅಭ್ಯಾಸ ಸೇರಿತು. ಸರಳೆ ವರಸೆ, ಕರ್ನಾಟಕ ಸಂಗೀತದ ಮೊದಲ ಪಾಠ. ಸಿ ತಂತಿಯನ್ನೇ ಷಡ್ಜ (ಸ) ಅಂದುಕೊಂಡರೆ, ಹಾರ್ಮೋನಿಯಂನ ಬಿಳಿ ಒಂದು, ಆ ಪಾಠದ ರಾಗ ಮಾಯಾಮಾಳವಗೌಳ ಈ ಪುಟ್ಟ ಕತ್ತಿನ ಮೇಲೆ ಎಷ್ಟು ಅಚ್ಚುಕಟ್ಟಾಗಿ ಕೂರುತ್ತದೆ ನೋಡಿ. ಸಿ ತಂತಿ ಖಾಲಿ, ಸ. ಅದೇ ತಂತಿಯ ಮೊದಲ ಮೆಟ್ಟಿಲು, ರಿ. ಇ ತಂತಿ ಖಾಲಿ, ಗ. ಮೊದಲನೆಯದು ಮ, ಮೂರನೆಯದು ಪ, ನಾಲ್ಕನೆಯದು ದ. ಎ ತಂತಿಯ ಎರಡನೆಯದು ನಿ, ಮೂರನೆಯದು ಮೇಲಿನ ಸ. ಖಾಲಿ ಎ ತಂತಿಯನ್ನು ಮಾತ್ರ ಮುಟ್ಟಬಾರದು, ಅದು ಬೇರೆ ಧೈವತ (ದ), ರಾಗ ಕೆಡುತ್ತದೆ. ಜಿ ತಂತಿ ಪಂಚಮವೇ (ಪ) ಆಗಿರುವುದರಿಂದ ಎಣಿಕೆಗೊಮ್ಮೆ ಹೆಬ್ಬೆರಳಿಂದ ಅದನ್ನು ಮೀಟಿದರೆ ವೀಣೆಯ ತಾಳದ ತಂತಿಯ ಹಾಗೆ ಜೊತೆ ಕೊಡುತ್ತದೆ. ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ನುಡಿಸು, ಎರಡನೇ ಕಾಲ ಸರಿಯಾಗುವವರೆಗೆ ಮೂರನೆಯದಕ್ಕೆ ಹೋಗಬೇಡ ಅಂತ ಅಮ್ಮನ ಕಟ್ಟಪ್ಪಣೆ.

ಎಣಿಕೆ ಬಡಿಯುವ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು ಶುರು ಮಾಡಿದೆ. ಮೊದಲ ಕಾಲ, ಎಣಿಕೆಗೆ ಒಂದು ಸ್ವರ, ಮೂರು ದಿನಕ್ಕೆ ಬಂತು. ಎರಡನೆಯದಕ್ಕೆ ಹತ್ತು ದಿನ. ಮೂರನೆಯದರಲ್ಲಿ ಎಣಿಕೆಗೆ ನಾಲ್ಕು ಸ್ವರ, ಪ ದ ನಿ ಸ ಬರುವಷ್ಟರಲ್ಲಿ ಕಿರುಬೆರಳು ನಾಲ್ಕನೇ ಮೆಟ್ಟಿಲಿಗೆ ತಡವಾಗಿ ತಲುಪುತ್ತದೆ. ನಿನ್ನೆ 52ಕ್ಕೆ ಇಳಿಸಿದೆ. ಅಲ್ಲಿ ದ ಸ್ಪಷ್ಟವಾಗಿ ಕೇಳುತ್ತಿದೆ. ಈ ವಾರ ಅಷ್ಟರಲ್ಲೇ ಇರುತ್ತೇನೆ, ಸೋಪಿನ ಡಬ್ಬಿಗೆ ನಾಳೆ ನೀರು ಹಾಕಬೇಕು.